ಬಿಟ್ಟ ಕಡೆ ನಿಲ್ಲುವ ಬಾಗಿಲು

ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ನಿಮ್ಮ ಮನೆಯ ಯಾವುದಾದರೂ ಕೋಣೆಯ ಬಾಗಿಲನ್ನು ಅರ್ಧ ತೆರೆದು ಕೈಬಿಡಿ. ಬಾಗಿಲು ಬಿಟ್ಟ ಕಡೆಯೇ ನಿಂತರೆ, ಅದನ್ನು ನಿಲ್ಲಿಸಿದ ಮೇಸ್ತ್ರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹೇಳಿ. ಮೆಲ್ಲಗೆ ಹೊರಟು ತಾನಾಗಿಯೇ ಮುಚ್ಚಿಕೊಂಡರೆ ಅಥವಾ ಪೂರ್ತಿ ತೆರೆದುಕೊಂಡರೆ ಹೆದರಬೇಡಿ. ದೆವ್ವ ಭೂತ ಏನೂ ಇಲ್ಲ, ಚೌಕಟ್ಟು ವಾಲಿದೆ, ಅಷ್ಟೆ.

'ಅಷ್ಟೆ' ಎಂದು ಸುಲಭವಾಗಿ ಬರೆದುಬಿಟ್ಟೆ. ಆದರೆ ಅಷ್ಟೇ ಅಷ್ಟು ವಾಲಿದ್ದರಿಂದ ಒಂದು ಶಾಲೆಯಲ್ಲಿ ಏನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ.

ನನ್ನ ತಂಗಿಯ ಮಗಳು ಎಂಟನೆಯ ತರಗತಿಯಲ್ಲಿದ್ದಳು. ಬೆಳಿಗ್ಗೆ ತುಂಬಿಸಿಕೊಂಡು ಹೋದ ನೀರಿನ ಬಾಟಲಿ ಸಂಜೆ ತುಂಬಿಕೊಂಡೇ ಮನೆಗೆ ಬರುತ್ತಿತ್ತು. "ಯಾಕೆ ಪುಟ್ಟಿ, ನೀರು ಕುಡಿಯೋದೇ ಇಲ್ವಾ?" ಎಂದು ಅವಳಮ್ಮ ಗದರಿದಾಗ ಉತ್ತರ ಬಂತು: "ಕುಡಿದ್ರೆ ಹೋಗ್ಬೇಕಾಗುತ್ತಲ್ಲಮ್ಮ. ಅಲ್ಲಿ ಬಾಗಿಲು ಹಾಕ್ಕೊಳಲ್ಲ." ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಒತ್ತಿ ಹಿಡಿದು ನಿಲ್ಲಬೇಕಿತ್ತು. ಹಿಡಿಯುವ ಗೆಳತಿ ರಜೆಯಾದ ದಿನ ಬೆಳಗಿನಿಂದ ಸಂಜೆಯವರೆಗೆ ಉಪವಾಸದ ಹಾಗೆ ನೀರಿನ ವ್ರತ!

ಶಾಲೆಯವರು ಸುಮ್ಮನೆ ಕೂತಿರಲಿಲ್ಲ. ಆ ಶೌಚಾಲಯಕ್ಕೆ ಸಿದ್ಧ ಬಾಗಿಲು ಹಾಕಿಸಿದ್ದರು. ಸಿದ್ಧ ಬಾಗಿಲು ಎಂದರೆ ಕಾರ್ಖಾನೆಯಲ್ಲೇ ಚೌಕಟ್ಟಿಗೆ ಕದ ಜೋಡಿಸಿ, ಕೀಲು ಬಿಗಿದು, ಚಿಲಕದ ತೂತನ್ನೂ ಕೊರೆದು ಕಳಿಸುವ ಬಾಗಿಲು. ಗೋಡೆಯ ಕಂಡಿಯಲ್ಲಿ ನಿಲ್ಲಿಸಿ ಬಿಗಿದರೆ ಕೆಲಸ ಮುಗಿಯಿತು. ಆದರೆ ಹಾಕಿದ ತಿಂಗಳೊಪ್ಪತ್ತಿನಲ್ಲೇ ತಕರಾರು ಶುರುವಾಯಿತು. ಚಿಲಕದ ಕಡ್ಡಿ ಚೌಕಟ್ಟಿನ ತೂತಿಗಿಂತ ಅರ್ಧ ಸೆಂಟಿಮೀಟರ್ ಮೇಲಕ್ಕೆ ಬಡಿಯುತ್ತಿತ್ತು. ಮೊದಲು ಚಿಲಕ ಬದಲಾಯಿಸಿದರು. ಆಮೇಲೆ ತೂತು ದೊಡ್ಡದು ಮಾಡಿದರು. ಕದದ ಮೇಲ್ಮೂಲೆ ಚೌಕಟ್ಟಿಗೆ ಉಜ್ಜುತ್ತದೆಂದು ಅದನ್ನೂ ಅರ ಹಾಕಿ ಸವೆಸಿದರು. ಮೂರು ರಿಪೇರಿಗಳಾದರೂ ಬಾಗಿಲು ಬಗ್ಗಲಿಲ್ಲ.

ಪೋಷಕರ ಸಭೆಗೆ ತಂಗಿಯ ಜೊತೆ ನಾನೂ ಹೋಗಿದ್ದೆ. "ಈ ಬಾಗಿಲೇ ಸರಿಯಿಲ್ಲ, ಬೇರೆ ಹಾಕಿಸಿ" ಎಂದು ಎಲ್ಲರೂ ಹೇಳಿದರು. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನ ತಾತ ಕೂತಿದ್ದರು. ಗಾರೆ ಕೆಲಸದಲ್ಲೇ ಕೂದಲು ಹಣ್ಣಾದ ಮೇಸ್ತ್ರಿ. "ನೋಡ್ದೆ ಹಣ ಯಾಕ್ ಸುರೀತೀರಿ ಸಾರ್? ನಾಳೆ ಗುಂಡು ತರ್ತೀನಿ" ಎಂದರು.

ಗುಂಡು ಹೇಳಿದ ಸತ್ಯ

ಮರುದಿನ ಅವರು ಚೀಲದಿಂದ ತೆಗೆದದ್ದು ತೂಗುಗುಂಡು. ಒಂದು ಲೋಹದ ಗುಂಡು, ಒಂದು ದಾರ, ದಾರಕ್ಕೆ ಪೋಣಿಸಿದ ಒಂದು ತುಂಡು. ಆ ತುಂಡಿನ ಅಗಲವೂ ಗುಂಡಿನ ವ್ಯಾಸವೂ ಒಂದೇ ಅಳತೆ, ಇದೇ ಅದರ ಗುಟ್ಟು. ತುಂಡನ್ನು ಕಂಬದ ಮೇಲ್ಭಾಗಕ್ಕೆ ಒತ್ತಿ ಹಿಡಿದು ಗುಂಡನ್ನು ಇಳಿಬಿಟ್ಟರೆ, ಕಂಬ ನೆಟ್ಟಗಿದ್ದಾಗ ಗುಂಡು ಕೆಳಗೆ ಕಂಬವನ್ನು ಸವರಿಯೂ ಸವರದಂತೆ ನಿಲ್ಲುತ್ತದೆ.

ಬಾಗಿಲಿಗೆ ಎರಡು ನಿಲುಗಂಬಗಳಿರುತ್ತವೆ. ಕದಕ್ಕೆ ಕೀಲು, ಅಂದರೆ ಅಂಗಡಿಯಲ್ಲಿ ನಾವು 'ಹಿಂಜಸ್' ಎಂದು ಕೇಳುವ ವಸ್ತು, ಇರುವ ಕಡೆಯದು ಕೀಲಿನ ಕಂಬ. ಎದುರಿನದು ಚಿಲಕದ ಕಂಬ. ಮೇಸ್ತ್ರಿ ಚಿಲಕದ ಕಂಬದ ಒಳಮೈಗೆ ತುಂಡನ್ನು ಒತ್ತಿ ಹಿಡಿದರು. ಕೆಳಗೆ ಗುಂಡು ಕಂಬವನ್ನು ಮುಟ್ಟಲೇ ಇಲ್ಲ, 12 ಮಿಲಿಮೀಟರ್ ದೂರ ನಿಂತಿತು. ಅಂದರೆ 2 ಮೀಟರ್ ಎತ್ತರದಲ್ಲಿ ಕಂಬದ ತಲೆ ಕೀಲಿನ ಕಡೆಗೆ 12 ಮಿ.ಮೀ. ವಾಲಿತ್ತು. ಕೀಲಿನ ಕಂಬವೂ ಅದೇ ದಿಕ್ಕಿಗೆ ಅಷ್ಟೇ ವಾಲಿತ್ತು.

ಆಮೇಲೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆದರು. ಒಂದಕ್ಕಿಂತ ಇನ್ನೊಂದು ಹತ್ತಿರ ಹತ್ತಿರ 9 ಮಿ.ಮೀ. ಉದ್ದ. ವಿದ್ಯಾರ್ಥಿಗಳೇ, ಇದು ನಿಮ್ಮದೇ ಪಾಠ. ಎದುರು ಬಾಹುಗಳು ಸಮನಾಗಿರುವ ಆಕೃತಿಯಲ್ಲಿ ಕರ್ಣಗಳೂ ಸಮನಾಗಿದ್ದರೆ ಮಾತ್ರ ಅದು ಆಯತ. ಇಲ್ಲವಾದರೆ ಸಮಾಂತರ ಚತುರ್ಭುಜ. ಆಯತದಂಥ ಕದವನ್ನು ಸಮಾಂತರ ಚತುರ್ಭುಜದಂಥ ಚೌಕಟ್ಟಿನೊಳಗೆ ಕೂರಿಸಲು ಮೂರು ಸಲ ಒದ್ದಾಡಿದ್ದರು! ಕದ ಕೀಲಿನ ಕಂಬದ ಜೊತೆ ವಾಲುತ್ತದೆ, ಹಾಗಾಗಿ ಚಿಲಕದ ಕಡೆ ಮೇಲೇಳುತ್ತದೆ. ಮೂಲೆ ಉಜ್ಜಿದ್ದಕ್ಕೂ ಕಡ್ಡಿ ಮೇಲೆ ಬಡಿದದ್ದಕ್ಕೂ ಇದೊಂದೇ ಕಾರಣ.

"ಬಾಗಿಲು ತಪ್ಪು ಮಾಡಿಲ್ಲ ಸಾರ್. ಗೋಡೆ ವಾಲೈತೆ. ಗೋಡೆ ನಂಬ್ಕೊಂಡು ಚೌಕಟ್ಟು ಅಂಟಿಸ್ಬಿಟ್ಟವ್ರೆ" ಎಂದರು ಮೇಸ್ತ್ರಿ.

45 ಗ್ರಾಂ ಮಾಡಿದ ಕೆಲಸ

ಇನ್ನೊಂದು ತಕರಾರು ಉಳಿದಿದೆ. ಆ ಬಾಗಿಲನ್ನು ಎಳೆದು ಮುಚ್ಚಿದರೂ ಸಣ್ಣ ಗಾಳಿಗೆ ಸರಿದು, ಆಮೇಲೆ ತಾನಾಗಿಯೇ ಗೋಡೆಯವರೆಗೂ ತೆರೆದುಕೊಳ್ಳುತ್ತಿತ್ತು. ಯಾಕೆ?

ಯಾವ ವಸ್ತುವಾದರೂ ತನ್ನ ಗುರುತ್ವ ಕೇಂದ್ರ ಆದಷ್ಟು ಕೆಳಗೆ ಬರುವಂತೆ ಸರಿಯಲು ನೋಡುತ್ತದೆ. ಕೀಲಿನ ಕಂಬ ನೆಟ್ಟಗಿದ್ದರೆ ಕದ ಎತ್ತ ತಿರುಗಿದರೂ ಅದರ ಕೇಂದ್ರ ಒಂದೇ ಎತ್ತರದಲ್ಲಿರುತ್ತದೆ. ಆದ್ದರಿಂದ ಅದಕ್ಕೆ ಯಾವ ದಿಕ್ಕೂ ಮೆಚ್ಚಲ್ಲ, ಬಿಟ್ಟ ಕಡೆ ನಿಲ್ಲುತ್ತದೆ. ಕಂಬ ವಾಲಿದರೆ ಒಂದು ದಿಕ್ಕು ತಗ್ಗಾಗುತ್ತದೆ. ನೆನಪಿಡಲು ಒಂದು ಸೂತ್ರ: ಕೀಲಿನ ಕಂಬದ ತಲೆ ಯಾವ ಕಡೆ ವಾಲಿದೆಯೋ ಕದ ಆ ಕಡೆಗೇ ಹೋಗುತ್ತದೆ. ತಲೆ ಚಿಲಕದ ಕಡೆಗೆ ವಾಲಿದ್ದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಚಿಲಕದಿಂದ ಆಚೆಗೆ ವಾಲಿದ್ದರೆ ತೆರೆದುಕೊಳ್ಳುತ್ತದೆ. ಬಾಗಿಲು ತೆರೆಯುವ ಕಡೆಗೇ ಮುಂದಕ್ಕೆ ಬಗ್ಗಿದ್ದರೆ ಅರ್ಧ ತೆರೆದು ನಿಲ್ಲುತ್ತದೆ.

ಈ ತಳ್ಳುವಿಕೆ ಎಷ್ಟು? ಲೆಕ್ಕ ಸುಲಭ. ಕದ ಸುಮಾರು 15 ಕಿಲೋ ಎಂದುಕೊಳ್ಳಿ. ಅದರ ಭಾರ ಮಧ್ಯದಲ್ಲಿರುವುದರಿಂದ ಅಂಚಿಗೆ ಬರುವ ಪಾಲು ಅರ್ಧ, ಅಂದರೆ 7.5 ಕಿಲೋ. ವಾಲು 2,000ಕ್ಕೆ 12, ಅಂದರೆ ಸಾವಿರಕ್ಕೆ 6. ಎರಡನ್ನೂ ಗುಣಿಸಿದರೆ 45 ಗ್ರಾಂ. ಬಾಗಿಲು 90 ಡಿಗ್ರಿ ತೆರೆದಿರುವಾಗ ಅದರ ಅಂಚನ್ನು ಭೂಮಿ ತಳ್ಳುವ ಬಲ ಒಂದು ಕೋಳಿಮೊಟ್ಟೆಯ ತೂಕಕ್ಕಿಂತ ಕಡಿಮೆ! ಎಣ್ಣೆ ಬಿಟ್ಟ ಕೀಲುಗಳಿಗೆ ಅಷ್ಟು ಸಾಕು. ಒಂದು ತರಗತಿಯ ಹುಡುಗಿಯರನ್ನು ವರ್ಷವಿಡೀ ಬಾಯಾರಿಸಿದ್ದು ಈ 45 ಗ್ರಾಂ.

ಮಟ್ಟವನ್ನೇ ಮಟ್ಟ ನೋಡಿ

ಹಾಗಾದರೆ ಹಾಕಿದವರು ಮಟ್ಟ ನೋಡಿರಲಿಲ್ಲವೇ? ನೋಡಿದ್ದರಂತೆ, 9 ಅಂಗುಲದ ಪುಟ್ಟ ರಸಮಟ್ಟದಲ್ಲಿ. 2 ಮೀಟರಿಗೆ 12 ಮಿ.ಮೀ. ವಾಲಿದ ಕಂಬ 9 ಅಂಗುಲದಲ್ಲಿ ವಾಲುವುದು 1.4 ಮಿ.ಮೀ. ಮಾತ್ರ. ಗುಳ್ಳೆ ಕೂದಲೆಳೆಯಷ್ಟು ಸರಿದದ್ದು ಅವಸರದಲ್ಲಿ ಕಾಣುವುದಿಲ್ಲ. ಎತ್ತರದ ಕಂಬಕ್ಕೆ ಉದ್ದನೆಯ ಮಟ್ಟವೇ ಬೇಕು. ಇಲ್ಲದಿದ್ದರೆ ಆರಡಿ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ಕಂಬಕ್ಕೆ ಒರಗಿಸಿ, ಅದರ ಮೇಲೆ ರಸಮಟ್ಟ ಹಿಡಿಯಬೇಕು.

ಈ ರಸಮಟ್ಟ 1661ರ ಸುಮಾರಿಗೆ ಫ್ರಾನ್ಸಿನ ಮೆಲ್ಕಿಸೆಡೆಕ್ ತೆವೆನೋ ರೂಪಿಸಿದ ಉಪಕರಣ. ಒಳಗಿನ ಕೊಳವೆ ನೋಡಲು ನೇರ ಕಂಡರೂ ಮಧ್ಯದಲ್ಲಿ ತುಸು ಉಬ್ಬಿರುತ್ತದೆ. ಗುಳ್ಳೆ ಅತಿ ಎತ್ತರದ ಜಾಗ ಹುಡುಕುತ್ತದೆ. ಕೆಳಗೆ ಬಿದ್ದ ಮಟ್ಟ ಸುಳ್ಳು ಹೇಳಬಹುದು, ಅದನ್ನೂ ಪರೀಕ್ಷಿಸಬೇಕು. ಮೇಜಿನ ಮೇಲಿಟ್ಟು ಗುಳ್ಳೆ ಯಾವ ಕಡೆಗಿದೆ ನೋಡಿ. ಈಗ ಅದೇ ಜಾಗದಲ್ಲಿ ಬಲದ ತುದಿ ಎಡಕ್ಕೆ ಬರುವಂತೆ ತಿರುಗಿಸಿಡಿ. ಎರಡು ಸಲವೂ ಗುಳ್ಳೆ ಕಿಟಕಿಯ ಕಡೆಗೇ ಅಷ್ಟೇ ಸರಿದರೆ ತಪ್ಪು ಮೇಜಿನದು. ಒಮ್ಮೆ ಕಿಟಕಿಗೆ, ಒಮ್ಮೆ ಗೋಡೆಗೆ ಸರಿದರೆ ತಪ್ಪು ಮಟ್ಟದ್ದು.

ತೂಗುಗುಂಡಿಗೆ ಇಂಥ ಪರೀಕ್ಷೆ ಬೇಕಿಲ್ಲ. ಅದು ಓಲಾಡುತ್ತಿದ್ದರೆ ಗುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರೆ ಬೇಗ ನಿಲ್ಲುತ್ತದೆ. ಅದನ್ನೂ ದಾರಿ ತಪ್ಪಿಸಬಲ್ಲದ್ದು ಪರ್ವತ ಮಾತ್ರ. 19ನೇ ಶತಮಾನದ ಭಾರತದ ಮಹಾ ಭೂಮಾಪನದಲ್ಲಿ ಉತ್ತರದ ಎರಡು ಠಾಣೆಗಳ ಲೆಕ್ಕದಲ್ಲಿ ಸುಮಾರು 5 ಸೆಕೆಂಡ್ ಕೋನದ ವ್ಯತ್ಯಾಸ ಬಂತು. ಹಿಮಾಲಯ ಗುಂಡನ್ನು ತನ್ನತ್ತ ಸೆಳೆಯುವುದರ ಲೆಕ್ಕವನ್ನು 1855ರಲ್ಲಿ ಪ್ರ್ಯಾಟ್ ಮಂಡಿಸಿದರು. 5 ಸೆಕೆಂಡ್ ಎಂದರೆ ನಮ್ಮ 2 ಮೀಟರ್ ಕಂಬದಲ್ಲಿ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ಬಾಗಿಲಿನ ಮಟ್ಟಿಗೆ ಹಿಮಾಲಯವನ್ನೂ ಕ್ಷಮಿಸಿಬಿಡಬಹುದು!

ನಿಲ್ಲಿಸುವ ಕ್ರಮ

ಮನೆ ಕಟ್ಟಿಸುವ, ಬಾಗಿಲು ಬದಲಿಸುವ ಹಿರಿಯರು ಕೆಲಸದವರ ಜೊತೆ ನಿಂತು ನೋಡಬೇಕಾದ ಕ್ರಮ ಇದು.

ಗೋಡೆಯ ಕಂಡಿ ಚೌಕಟ್ಟಿಗಿಂತ ಎರಡೂ ಪಕ್ಕದಲ್ಲಿ ಸುಮಾರು 1 ಸೆಂ.ಮೀ. ದೊಡ್ಡದಿರಲಿ. ಈ ಬಿಡುವಿನಲ್ಲೇ ವಾಲಿದ ಗೋಡೆಯ ತಪ್ಪನ್ನು ಸರಿದೂಗಿಸಬೇಕು. ಮೊದಲು ನೆಲ ನೋಡಿ. ಬಚ್ಚಲು, ಶೌಚಾಲಯಗಳ ನೆಲಕ್ಕೆ ನೀರು ಹರಿಯಲೆಂದು ಬೇಕೆಂದೇ ಇಳಿಜಾರು ಕೊಟ್ಟಿರುತ್ತಾರೆ. ಎರಡು ಕಂಬಗಳ ಬುಡ ಒಂದೇ ಮಟ್ಟದಲ್ಲಿಲ್ಲದಿದ್ದರೆ ತಗ್ಗಿನ ಕಡೆ ಚಕ್ಕೆ ಕೊಟ್ಟು ಎತ್ತಬೇಕು. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿಸಿದರೂ ಈ ಮಟ್ಟ ಸಿಗುತ್ತದೆ. ಕೊಳವೆಯೊಳಗೆ ಗಾಳಿಗುಳ್ಳೆ ಇರಬಾರದು, ನೋಡುವಾಗ ಎರಡೂ ಬಾಯಿಯಿಂದ ಹೆಬ್ಬೆರಳು ತೆಗೆದಿರಬೇಕು.

ಕೆಲಸ ಶುರುವಾಗಬೇಕಾದ್ದು ಕೀಲಿನ ಕಂಬದಿಂದ. ಪ್ರತಿ ಕೀಲಿನ ಹಿಂದೆ ಎರಡು ಬೆಣೆಗಳನ್ನು ಎದುರುಬದುರಾಗಿ ತೂರಿಸಿ. ಎರಡೂ ಬೆಣೆ ಸೇರಿದಾಗ ಅವುಗಳ ಮೈ ಸಮತಟ್ಟಾಗುತ್ತದೆ, ಒಂದೇ ಬೆಣೆಯಾದರೆ ಕಂಬ ತಿರುಚಿಕೊಳ್ಳುತ್ತದೆ. ಗುಂಡನ್ನು ಎರಡು ಮೈಗೂ ಹಿಡಿಯಬೇಕು, ಒಳಮೈಗೊಮ್ಮೆ, ಎದುರುಮೈಗೊಮ್ಮೆ. ನೆಟ್ಟಗಾದ ಮೇಲೆ ಸ್ಕ್ರೂ ಬಿಗಿಯಿರಿ. ಮೇಲಿನ ಕೀಲಿನ ಹತ್ತಿರ ಗೋಡೆಯೊಳಗೆ ಚೆನ್ನಾಗಿ ಇಳಿಯುವ ಉದ್ದ ಸ್ಕ್ರೂ ಇರಲಿ, ಏಕೆಂದರೆ ಕದದ ಭಾರ ಮೇಲಿನ ಕೀಲನ್ನು ಕಿತ್ತುಕೊಳ್ಳುವತ್ತ ಎಳೆಯುತ್ತಿರುತ್ತದೆ. 25 ಕಿಲೋದ ಮಗು ಹಿಡಿಗೆ ಜೋತುಬಿದ್ದು ಉಯ್ಯಾಲೆಯಾಡಿದರೆ ಆ ಎಳೆತ ಇನ್ನೂ ಸುಮಾರು 12 ಕಿಲೋ ಹೆಚ್ಚುತ್ತದೆ. ಮಕ್ಕಳೇ, ಬಯ್ಯುವ ಅಮ್ಮನ ಮಾತಿನಲ್ಲಿ ಭೌತಶಾಸ್ತ್ರವಿದೆ.

ಆಮೇಲೆ ಮೇಲಿನ ಅಡ್ಡಪಟ್ಟಿ, ಕೊನೆಗೆ ಚಿಲಕದ ಕಂಬ. ಕದಕ್ಕೂ ಚೌಕಟ್ಟಿಗೂ ನಡುವೆ ಸುತ್ತಲೂ ಒಂದೇ ಸಮ, ಸುಮಾರು 3 ಮಿ.ಮೀ. ಸಂದಿ ಇರಬೇಕು. ಮರದ ಕದವಾದರೆ ಮಳೆಗಾಲದಲ್ಲಿ ಉಬ್ಬುವುದಕ್ಕೂ ಈ ಸಂದಿ ಬೇಕು. ಈಗ ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿದು ಕಟ್ಟಿ. ನಡುವೆ ದಾರಗಳು ಒಂದನ್ನೊಂದು ಸವರುವಂತಿರಬೇಕು. ನಡುವೆ ಅಂತರವಿದ್ದರೆ ಅಥವಾ ಒಂದು ಇನ್ನೊಂದನ್ನು ಒತ್ತಿದರೆ ಎರಡು ಕಂಬಗಳು ಒಂದೇ ಸಮತಲದಲ್ಲಿಲ್ಲ ಎಂದರ್ಥ, ಬಾಗಿಲು ಮೇಲೆ ತಾಗಿ ಕೆಳಗೆ ಬಿಟ್ಟುಕೊಳ್ಳುತ್ತದೆ.

ಕರ್ಣಗಳನ್ನು ಅಳೆದು, ಬಾಗಿಲನ್ನು ಮೂರು ಕಡೆ ಬಿಟ್ಟು ನಿಲ್ಲುತ್ತದೆಯೇ ನೋಡಿದ ಮೇಲೆಯೇ ಸಂದಿಗೆ ಗಾರೆ ಅಥವಾ ಫೋಮ್ ತುಂಬಿಸಿ. ಫೋಮ್ ಉಬ್ಬುತ್ತಾ ಕಂಬವನ್ನು ಒಳಕ್ಕೆ ಬಗ್ಗಿಸುತ್ತದೆ, ಆದ್ದರಿಂದ ಅದು ಗಟ್ಟಿಯಾಗುವವರೆಗೆ ಎರಡು ಕಂಬಗಳ ನಡುವೆ ಅಡ್ಡ ಕಟ್ಟಿಗೆ ಕೊಟ್ಟಿರಬೇಕು.

ಶಾಲೆಯಲ್ಲಿ ಮೇಸ್ತ್ರಿ ಮಾಡಿದ್ದೂ ಇಷ್ಟೇ. ಸ್ಕ್ರೂ ಬಿಚ್ಚಿ, ಹಳೆಯ ಫೋಮ್ ಕೊಯ್ದು, ಬೆಣೆ ಹೊಡೆದು ಚೌಕಟ್ಟನ್ನು ನೆಟ್ಟಗೆ ಮಾಡಿದರು. ದೊಡ್ಡದಾಗಿದ್ದ ತೂತಿನ ಮೇಲೆ ಒಂದು ತಗಡಿನ ಪಟ್ಟಿ ಕೂರಿಸಿದರು. ಬಾಗಿಲು ಹಳೆಯದೇ, ಚಿಲಕವೂ ಹಳೆಯದೇ. ಒಂದು ಮಧ್ಯಾಹ್ನದ ಕೆಲಸ. ಸುತ್ತ ನಿಂತಿದ್ದ ಹುಡುಗಿಯರಲ್ಲಿ ಒಬ್ಬಳ ಕೈಗೆ ದಾರ ಕೊಟ್ಟು, "ಹಿಡ್ಕೋ ಮಗಾ, ನೀನೇ ನೋಡು, ಮುಟ್ತಾ ಇಲ್ವಾ ಹೇಳು" ಎಂದರು. ಅವಳು ಬಗ್ಗಿ ನೋಡಿ, "ಮುಟ್ತಾ ಇದೆ ತಾತ" ಎಂದಳು.

ಅದೇ ವಾರ ತಂಗಿಯ ಫೋನು ಬಂತು. ಬಾಟಲಿ ಖಾಲಿಯಾಗಿ ಮನೆಗೆ ಬಂದಿತ್ತು.

ಮಾಡಿ ನೋಡಿ: ಒಂದು ಗಟ್ಟಿ ದಾರಕ್ಕೆ ಬೀಗವನ್ನೋ ಕಲ್ಲನ್ನೋ ಕಟ್ಟಿ. ಸ್ಟೂಲಿನ ಮೇಲೆ ನಿಂತು ಕೀಲಿನ ಕಂಬದ ಮೇಲ್ಭಾಗದಲ್ಲಿ ದಾರವನ್ನು ಕಂಬದಿಂದ 5 ಸೆಂ.ಮೀ. ದೂರ ಹಿಡಿಯಿರಿ. ಸ್ಟೂಲನ್ನು ಮನೆಯವರೊಬ್ಬರು ಹಿಡಿದಿರಲಿ. ಓಲಾಟ ನಿಂತ ಮೇಲೆ ಇನ್ನೊಬ್ಬರು ಕೆಳಗೆ ದಾರಕ್ಕೂ ಕಂಬಕ್ಕೂ ಇರುವ ದೂರ ಅಳೆಯಲಿ. ವ್ಯತ್ಯಾಸವನ್ನು ಬರೆದುಕೊಂಡು, ಬಾಗಿಲು ಯಾವ ಕಡೆಗೆ ಓಡಬೇಕು ಎಂದು ಮೊದಲೇ ಹೇಳಿ. ಆಮೇಲೆ ಬಾಗಿಲನ್ನು ಬಿಟ್ಟು ನೋಡಿ. ಮನೆಯ ಬಾಗಿಲುಗಳೆಲ್ಲ ಮುಗಿದ ಮೇಲೆ ನಿಮ್ಮ ಶಾಲೆಯ ಶೌಚಾಲಯದ ಬಾಗಿಲನ್ನೂ ಒಮ್ಮೆ ನೋಡಿ, ಅಳತೆಯ ಚೀಟಿಯನ್ನು ನಿಮ್ಮ ಮೇಷ್ಟ್ರ ಕೈಗೆ ಕೊಡಿ.