ವೈಫೈ ಪೆಟ್ಟಗಿ ಯಾರ ಪಾಲಿಂದು?

ಗ್ಯಾಸ್ ಸಿಲಿಂಡರ್ ಎಂದ ಮುಗೀತದ, ನಳಾ ಎಂದ ಬರತದ, ಹಾಲಿನವನ ಲೆಕ್ಕಾ ಎಷ್ಟಾಗೇದ, ಮಿಕ್ಸರ್ ಯಾಕ ಗುರ್ ಅನ್ನಲಿಕತ್ತದ, ಇವೆಲ್ಲಾ ಮನ್ಯಾಗ ಯಾರಿಗೆ ಗೊತ್ತಿರತದ? ನಮಗ. ಆದ್ರ ಪಡಸಾಲ್ಯಾಗ ಟಿವಿ ಹಿಂದ ನಾಕು ದೀಪಾ ಮಿಣಮಿಣ ಅನಿಸ್ಕೋತ ಕೂತಿರೋ ವೈಫೈ ಪೆಟ್ಟಗಿ ಮಾತ್ರ "ನೀ ಅದನ್ನ ಮುಟ್ಟಬ್ಯಾಡ, ನಾ ಬಂದ ಮ್ಯಾಲೆ ನೋಡತೇನಿ" ಅನ್ನೋರ ಪಾಲಿಗೆ ಹೋಗೇದ. ಇದು ತಪ್ಪು ಅಂತ ನನ್ನ ಅಭಿಪ್ರಾಯ. ಮನ್ಯಾಗ ದಿನಾಪೂರ್ತಿ ಯಾರು ಇರತಾರೋ ಅವರ ಕೈಯಾಗ ಆ ಪೆಟ್ಟಗಿ ಇರಬೇಕು. ಅದರ ಪಾಸ್‌ವರ್ಡ್, ಗ್ರಾಹಕ ನಂಬರು, ಕಂಪ್ಲೇಂಟ್ ಮಾಡೋ ಹಕ್ಕು, ಎಲ್ಲಾ.

"ನೆಟ್ ಹೋದ್ರ ಏನಾತು, ಧಾರಾವಾಹಿ ಒಂದಿನ ತಪ್ಪತದ ಅಷ್ಟ" ಅಂತ ನಗೋರು ಇದ್ದಾರ. ಅವರಿಗೆ ಒಂದು ಮಾತು. ನಮ್ಮ ಕಡೆ ಹಳೇ ಮನಿಗೋಳ ಗ್ವಾಡಿ ಎರಡೆರಡು ಫೂಟು ದಪ್ಪ. ನಡುಮನ್ಯಾಗ ಮೊಬೈಲ್ ನೆಟ್‌ವರ್ಕ್ ಬರೂದ ಇಲ್ಲ, ಫೋನು ಹೋಗೋದು ಬರೋದು ವೈಫೈ ಮ್ಯಾಲ. ಅತ್ತಿಯವರ ಶುಗರ್ ರಿಪೋರ್ಟ್ ಡಾಕ್ಟರಿಗೆ ಕಳಸೋದು ಅದರಾಗ. ಕಿರಾಣಿ ಅಂಗಡಿಗೆ ರೊಕ್ಕಾ ಹಾಕೋದು ಅದರಾಗ. ಸೊಸಿ ಆಫೀಸಿನ ಕೆಲಸಾ ಅದರಾಗ. ಹಪ್ಪಳಾ, ಸಂಡಗಿ, ಚಟ್ನಿಪುಡಿ ಮಾಡಿ ಮಾರೋ ನಮ್ಮ ಮೌಶಿಗೋಳ ಆರ್ಡರ್ ಬರೋದೂ ಅದರಾಗ.

ನಮ್ಮ ಓಣಿಯ ಒಬ್ಬ ವೈನಿ ಮನ್ಯಾಗ ಕೂತ ಹುಡುಗುರಿಗೆ ಗಣಿತ ಹೇಳತಾರ, ಫೋನಿನ್ಯಾಗ. ಒಂದ್ಸಲ ನೆಟ್ ಹೋತು. ಕಂಪ್ಲೇಂಟ್ ಮಾಡೋಣ ಅಂದ್ರ ಕನೆಕ್ಷನ್ ಯಜಮಾನರ ಹೆಸರಿಲೆ, ಒಟಿಪಿ ಬರೋದು ಯಜಮಾನರ ಫೋನಿಗೆ, ಯಜಮಾನರು ಡ್ಯೂಟಿ ಮ್ಯಾಲ ಪರಊರಾಗ. ಅವರು ಮೀಟಿಂಗ್ ಮುಗಿಸಿ ಒಟಿಪಿ ಹೇಳೋದ್ರಾಗ ಅದರ ವ್ಯಾಳ್ಯಾ ಮುಗದಿರತಿತ್ತು. ಹಿಂಗ ನಾಕು ದಿನ ಹೋತು. ನಾಕು ದಿನದ ಪಾಠ ಹೋತು, ಇಬ್ಬರು ಹುಡುಗುರು ಬಿಟ್ಟು ಬ್ಯಾರೆ ಕಡೆ ಹೋದ್ರು. ಕಡೀಕೆ ರಿಪೇರಿಯವ ಬಂದು ನೋಡಿದ್ರ, ಮಾಳಿಗಿ ಮ್ಯಾಲ ಮಂಗ್ಯಾ ಜೋತಾಡಿ ವಾಯರ್ ಹರದಿತ್ತು. ಹತ್ತು ನಿಮಿಷದ ಕೆಲಸಾ. ಆ ವೈನಿ ಕೈಯಾಗ ಕಂಪ್ಲೇಂಟ್ ಮಾಡೋ ಹಕ್ಕು ಇದ್ದಿದ್ರ ಮೊದಲನೇ ದಿನಾನ ಆಗಿಹೋಗತಿತ್ತು. ಅದಕ್ಕ ನಾ ಇದನ್ನ ಸಣ್ಣ ಮಾತು ಅನ್ನೂದಿಲ್ಲ.

"ಅದು ಟೆಕ್ನಿಕಲ್ ವಿಷಯ, ನಮಗ ತಿಳಿಯೂದಿಲ್ಲ" ಅಂತ ನಮ್ಮವರ ಅಂತಾರ. ಯಾಕ ತಿಳಿಯೂದಿಲ್ಲ? ನಳಕ್ಕ ನೀರು ಬರಲಿಲ್ಲಂದ್ರ ನಾವು ಏನ ಮಾಡತೇವಿ? ಮೊದಲ ಬಾಜೂಮನಿಯವರಿಗೆ ಬಂದದೇನು ಅಂತ ಕೇಳತೇವಿ. ಅವರಿಗೂ ಬಂದಿಲ್ಲಂದ್ರ ನೀರು ಬಿಡೋವನ್ನ ಹಿಡೀತೇವಿ. ಅವರಿಗೆ ಬಂದದ, ನಮಗ ಇಲ್ಲಂದ್ರ ನಮ್ಮ ವಾಲ್ವ್ ನೋಡತೇವಿ. ಟಾಕಿ ತುಂಬೇದ, ಅಡಗಿಮನಿ ನಳದಾಗ ಅಷ್ಟ ಬರವಲ್ದಂದ್ರ ಆ ನಳಾ ಕಟ್ಟೇದ ಅಂತ ತಿಳಕೋತೇವಿ. ಇಂಟರ್ನೆಟ್ಟೂ ಹಂಗ. ಹೊರಗಿಂದ ಪೆಟ್ಟಗೀತನಕಾ ಬರೋದು ಇಂಟರ್ನೆಟ್. ಪೆಟ್ಟಗಿಯಿಂದ ನಿಮ್ಮ ಫೋನಿನತನಕಾ ಗಾಳ್ಯಾಗ ಬರೋದು ವೈಫೈ. ಇವೆರಡೂ ಬ್ಯಾರೆ ಬ್ಯಾರೆ. ಎಲ್ಲೆ ನಿಂತದ ಅಂತ ಹುಡುಕಿದ್ರ ಅರ್ಧಾ ಕೆಲಸಾ ಮುಗಧಂಗ.

ಫೋನಿನ್ಯಾಗ ವೈಫೈ ಗುರ್ತು ತುಂಬೇದ, ಆದ್ರ "ನೋ ಇಂಟರ್ನೆಟ್" ಅಂತ ತೋರಸ್ತದಂದ್ರ ಟಾಕಿಗೇ ನೀರು ಬಂದಿಲ್ಲ, ತೊಂದರಿ ಹೊರಗಿಂದು. ಗುರ್ತು ಒಂದ ಗೆರಿಗೆ ಇಳದದಂದ್ರ ನೀವು ಪೆಟ್ಟಗಿಯಿಂದ ದೂರ ಇದ್ದೀರಿ. ಒಂದ ಫೋನಿಗೆ ಬರವಲ್ದು, ಉಳದವಕ್ಕ ಬರಲಿಕತ್ತದಂದ್ರ ದೋಷ ಆ ಫೋನಿಂದು. ಅದರಾಗಿನ ವೈಫೈ ಮರತು ಬಿಡು ಅಂತ ಒತ್ತಿ, ಪಾಸ್‌ವರ್ಡ್ ಹಾಕಿ ಮತ್ತ ಜೋಡಸ್ರಿ.

ಇನ್ನ ದೀಪದ ಭಾಷಾ ಕಲೀರಿ, ನಾಕ ಅಕ್ಷರ. ಫೈಬರ್ ಕನೆಕ್ಷನ್ ಇದ್ದವರ ಪೆಟ್ಟಗಿ ಮ್ಯಾಲ ಪಿ.ಒ.ಎನ್. ಅಂತೊಂದು, ಎಲ್.ಒ.ಎಸ್. ಅಂತೊಂದು ದೀಪಾ ಇರತಾವ. ಪಿ.ಒ.ಎನ್. ಹಸರಾಗಿ ಗಟ್ಟಿ ನಿಂತದಂದ್ರ ಹೊರಗಿನ ದಾರಿ ಕೂಡೇದ. ಎಲ್.ಒ.ಎಸ್. ಕೆಂಪಗ ಹತ್ತಿದ್ರ ಆ ಗಾಜಿನ ಎಳಿಯೊಳಗ ಬೆಳಕ ಬರಲಿಕತ್ತಿಲ್ಲ. ಆವಾಗ ನೀವು ಹತ್ತು ಸಲ ಆರಿಸಿ ಹಚ್ಚಿದ್ರೂ ಉಪಯೋಗ ಇಲ್ಲ. ಹಿಂದಿನ ಸಣ್ಣ ವಾಯರ್ ಕಸಬರಿಗಿ ತಾಗಿ ಸಡಲ ಆಗೇದೇನು, ಸೋಫಾದ ಕಾಲಾಗ ಸಿಕ್ಕೇದೇನು, ಗಪ್ಪನ ಮಡಚೇದೇನು ಅಂತ ಅಷ್ಟ ನೋಡ್ರಿ. ಒಳಗ ಗಾಜಿನ ಎಳಿ ಇರೋದ್ರಿಂದ ಅದನ್ನ ಗಂಟ ಹಾಕಿ ಕಟ್ಟಬಾರದು, ಅಗಲ ಸುತ್ತಿ ಬಿಡಬೇಕು. ಹರದ ತುದಿಯೊಳಗ ಕಣ್ಣ ಇಟ್ಟು ನೋಡಬಾರದು, ಅದರಾಗಿನ ಬೆಳಕು ಕಣ್ಣಿಗೆ ಕಾಣೂದಿಲ್ಲ, ಆದ್ರ ಕಣ್ಣಿಗೆ ಛಲೋ ಅಲ್ಲ. ಎಲ್ಲಾ ಸರಿ ಇದ್ದೂ ಕೆಂಪ ಇದ್ರ ಸೀದಾ ಕಂಪ್ಲೇಂಟ್ ಮಾಡ್ರಿ, "ಎಲ್.ಒ.ಎಸ್. ಕೆಂಪದ" ಅಂತ ಹೇಳ್ರಿ. ಆ ಒಂದ ಮಾತಿಗೆ ಅತ್ತಾಗಿನವರು "ಮೇಡಂ, ಆರಿಸಿ ಹಚ್ಚಿ ನೋಡ್ರಿ" ಅನ್ನೋ ಪುರಾಣಾ ಬಿಟ್ಟು ಕೆಲಸದ ಮಾತಿಗೆ ಬರತಾರ.

ದೀಪಾ ಎಲ್ಲಾ ಸರಿ ಇದ್ದು ನೆಟ್ ನಿಂತಿದ್ರ ಆವಾಗ ಆರಿಸಿ ಹಚ್ಚೋದು ಖರೇ ಔಷಧ. ಪೆಟ್ಟಗೀನೂ ಒಂದು ಸಣ್ಣ ಕಂಪ್ಯೂಟರ್ರ, ತಿಂಗಳಗಟ್ಟಲೆ ನಡದು ದಣಿದಿರತದ. ಬಟನ್ ಬಂದ್ ಮಾಡಿ ಅರ್ಧಾ ನಿಮಿಷ ಬಿಡ್ರಿ, ಹಚ್ಚಿದ ಮ್ಯಾಲೆ ಮೂರ ನಾಕ ನಿಮಿಷ ಸುಮ್ಮನ ಕೂಡ್ರಿ. ಹಚ್ಚಿದ ಕೂಡ್ಲೆ "ಬರಲಿಲ್ಲ" ಅಂತ ಮತ್ತ ಆರಿಸಬ್ಯಾಡ್ರಿ. ಹಿಂದ ಸೂಜಿ ತೂರೋವಷ್ಟ ಸಣ್ಣ ತೂತು ಇರತದ, ಅದನ್ನ ಮಾತ್ರ ಚುಚ್ಚಬ್ಯಾಡ್ರಿ. ಅದು ಆರಿಸೋದಲ್ಲ, ಒಳಗ ಬರದಿದ್ದೆಲ್ಲಾ ಅಳಿಸೋದು. ಆಮ್ಯಾಲೆ ರಿಪೇರಿಯವನ ಬರಬೇಕಾಗತದ.

ಇನ್ನ ಪೆಟ್ಟಗಿ ಇಡೋ ಜಾಗಾ. ಇದರಾಗ ನನ್ನ ತಕರಾರು ನಮ್ಮವರ ಜೋಡೀನೂ ಅದ. ಚಂದ ಕಾಣೂದಿಲ್ಲ ಅಂತ ಅದನ್ನ ಟಿವಿ ಹಿಂದ, ಶೋಕೇಸಿನ್ಯಾಗ, ತಿಜೋರಿ ಮ್ಯಾಲ ಮುಚ್ಚಿ ಇಡತೇವಿ. ಲೋಹ ಅಂದ್ರ ವೈಫೈಗೆ ಗ್ವಾಡಿ ಇದ್ಧಂಗ. ಕಬ್ಬಿಣದ ಕಪಾಟು, ಸ್ಟೀಲ್ ಭಾಂಡಿ ಸ್ಟ್ಯಾಂಡು, ದೊಡ್ಡ ಕನ್ನಡಿ ಹಿಂದಿನ ಲೇಪ, ನೀರಿನ ಟಾಕಿ, ಮೀನಿನ ತೊಟ್ಟಿ, ಇವೆಲ್ಲಾ ಅಡ್ಡ ಬರತಾವ. ಮಣ್ಣಿನ ದಪ್ಪ ಗ್ವಾಡಿನೂ ಅಷ್ಟ. ಮನಿ ನಟ್ಟನಡುವ, ಎದೀ ಎತ್ತರಕ್ಕಿಂತ ಮ್ಯಾಲ, ಬಯಲಿನ್ಯಾಗ ಇಡ್ರಿ. ಮೊದಲ ದೀಪಾ ಇಡತಿದ್ರಲ್ಲ, ಪಡಸಾಲಿ ನಡುಮನಿ ಎರಡಕ್ಕೂ ಬೆಳಕ ಬೀಳೋ ಅಂಥ ಜಾಗಾ ಇದಕ್ಕೂ ಸರಿ.

ಇದಕ್ಕ ಎರಡು ದನಿ ಇರತಾವ. 2.4 ಗಿಗಾಹರ್ಟ್ಸ್ ದೂರ ಹೋಗತದ, ಗ್ವಾಡಿ ದಾಟತದ, ಆದ್ರ ಸಾವಕಾಶ. 5 ಗಿಗಾಹರ್ಟ್ಸ್ ಜೋರು, ಆದ್ರ ಎರಡ ಗ್ವಾಡಿ ಬಂದ್ರ ಸೋಲತದ. ಪಡಸಾಲ್ಯಾಗ ಪೆಟ್ಟಗಿ ಹತ್ತರ ಕೂತವರು 5ಕ್ಕ ಹಚ್ಚಿಕೊಳ್ರಿ, ಅಡಗಿಮನಿಯವರು 2.4ಕ್ಕ. ಮೈಕ್ರೋವೇವ್ ಒಲಿ ನಡಿಯೋದೂ ಹೆಚ್ಚುಕಡಿಮಿ ಆ 2.4ರ ದನಿ ಮ್ಯಾಲನ. ಅದಕ್ಕ ಅನ್ನಾ ಬಿಸಿ ಮಾಡೋವಾಗ ಅಡಗಿಮನ್ಯಾಗ ವಿಡಿಯೋ ತಡವರಸ್ತದ. ಅದು ಯಾರ ಕೈಗುಣಾನೂ ಅಲ್ಲ.

ನೆಟ್ ಸಾವಕಾಶ ಅಂದ ಕೂಡ್ಲೆ "ದೊಡ್ಡ ಪ್ಲ್ಯಾನ್ ತಗೋರಿ" ಅನ್ನೋರ ಮಾತು ಲಗೂನ ಕೇಳಬ್ಯಾಡ್ರಿ. ಪೆಟ್ಟಗಿ ಮುಂದ ನಿಂತು ಒಮ್ಮೆ, ಅಡಗಿಮನ್ಯಾಗ ನಿಂತು ಒಮ್ಮೆ ಸ್ಪೀಡ್ ಅಳೀರಿ. ಪೆಟ್ಟಗಿ ಮುಂದ ಛಲೋ ಇದ್ದು ಒಳಗ ಕಡಿಮಿ ಇದ್ರ ನಿಮ್ಮ ತೊಂದರಿ ಗ್ವಾಡಿದು. ದೊಡ್ಡ ಪ್ಲ್ಯಾನ್ ತಗೊಂಡ್ರ ಗ್ವಾಡಿ ತೆಳ್ಳಗ ಆಗೂದಿಲ್ಲ. ಪೆಟ್ಟಗಿ ಜಾಗಾ ಬದಲಸ್ರಿ, ಇಲ್ಲಾ ನಡುವ ಇನ್ನೊಂದು ಪೆಟ್ಟಗಿ ಹಾಕಸ್ರಿ. ಲೆಕ್ಕಾನೂ ತಿಳದಿರಲಿ: 100 ಎಂಬಿಪಿಎಸ್ ಪ್ಲ್ಯಾನ್ ಅಂದ್ರ ಸೆಕೆಂಡಿಗೆ 100 ಎಂಬಿ ಅಲ್ಲ. ಎಂಟು ಬಿಟ್ ಕೂಡಿದ್ರ ಒಂದು ಬೈಟ್, ಹಿಂಗಾಗಿ ಹನ್ನೆರಡೂವರಿ ಎಂಬಿ. ಒಂದು ಸ್ಪಷ್ಟ ಎಚ್‌ಡಿ ವಿಡಿಯೋಕ್ಕ ಸುಮಾರು 5 ಎಂಬಿಪಿಎಸ್ ಸಾಕು. ನಾಕು ಮಂದಿ ಒಮ್ಮೆ ನೋಡಿದ್ರೂ 20. ತಿಂಗಳದ ಕಡೀಕೆ ಅಷ್ಟ ಸಾವಕಾಶ ಆಗತದಂದ್ರ ಡೇಟಾ ಮಿತಿ ಮುಗದಿರಬೇಕು, ಅದನ್ನ ಮೊದಲ ನೋಡ್ರಿ.

ಕರೆಂಟ್ ಹೋದಾಗ ಮೊಬೈಲ್‌ಗೆ ಚಾರ್ಜ್ ಇದ್ರೂ ಪೆಟ್ಟಗಿ ಸಾಯತದ. ಅದಕ್ಕ ಅಂತ ಸಣ್ಣ ಯುಪಿಎಸ್ ಸಿಗತಾವ. ತರೋಕಿಂತ ಮೊದಲ ಅಡಾಪ್ಟರ್ ಮ್ಯಾಲ ಬರದಿದ್ದ ವೋಲ್ಟ್ ಮತ್ತ ಆಂಪಿಯರ್ ಬರಕೊಂಡು ಹೋಗ್ರಿ, ಎರಡೂ ಕೂಡಬೇಕು. ಗುಡುಗು ಸಿಡಿಲಿನ ಮಳಿ ಇದ್ದಾಗ ಮಾತ್ರ ಪ್ಲಗ್ ತಗದಬಿಡ್ರಿ.

ಇನ್ನ ಹಕ್ಕಿನ ಮಾತು. ಕಂಪ್ಲೇಂಟ್ ಮಾಡಿದ್ರ ನಂಬರ್ ಕೊಡಲೇಬೇಕು, ಅದಕ್ಕ ಡಾಕೆಟ್ ನಂಬರ್ ಅಂತಾರ. ಟ್ರಾಯ್ 2012ರಾಗ ಮಾಡಿದ ನಿಯಮದ ಪ್ರಕಾರ, ಕಂಪ್ಲೇಂಟ್ ಸೆಂಟರ್‌ನಾಗ ಕೆಲಸಾ ಆಗಲಿಲ್ಲಂದ್ರ ಅದ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕ ಹೋಗಬಹುದು, 30 ದಿನದ ಒಳಗ, ಫೀ ಇಲ್ಲ. ಆ ನಂಬರ್ ಬರಕೊಂಡಿರದಿದ್ರ ಇದ್ಯಾವುದೂ ನಡಿಯೂದಿಲ್ಲ. 1915 ಅಂತ ರಾಷ್ಟ್ರೀಯ ಗ್ರಾಹಕ ಸಹಾಯವಾಣಿನೂ ಅದ. "ನಾಳೆ ಬರತೇವಿ" ಅನ್ನೋರಿಗೆ ದಿನಾಂಕ ಕೇಳ್ರಿ, ಹೇಳಿದವರ ಹೆಸರು ಕೇಳ್ರಿ. ಭಾಂಡಿ ಅಂಗಡ್ಯಾಗ ಹತ್ತು ರೂಪಾಯಿಗೆ ವಾದ ಮಾಡೋ ನಾವು ಇಲ್ಲೆ ಯಾಕ ಮೆತ್ತಗಾಗಬೇಕು?

ತಿಳಕೊಂಡವರಿಗೆ ಮೋಸಾನೂ ಲಗೂ ಗುರ್ತು ಹತ್ತತದ. "ನಿಮ್ಮ ನೆಟ್ ಬಂದ್ ಆಗತದ, ಈ ಆಪ್ ಹಾಕ್ಕೊಳ್ರಿ, ಒಟಿಪಿ ಹೇಳ್ರಿ" ಅಂತ ಫೋನ್ ಬಂದ್ರ, ಕನೆಕ್ಷನ್ ಬಗ್ಗೆ ಏನೂ ತಿಳೀದವರು ಹೆದರಿ ಹೇಳತಾರ. ತಿಳದವರು ಪೆಟ್ಟಗಿ ದೀಪಾ ನೋಡಿ, ಫೋನ್ ಇಟ್ಟು, ಬಿಲ್ ಮ್ಯಾಲಿನ ನಂಬರಿಗೆ ತಾವ ಹಚ್ಚತಾರ. ಅಷ್ಟರಾಗ ರೊಕ್ಕಾ ಹೋಗಿದ್ರ ತಡಾ ಮಾಡದ 1930ಕ್ಕ ಹಚ್ಚಬೇಕು.

ಈಗ ಒಬ್ಬರು ಕಾಕು ನನಗ ಕೇಳಿದ ಪ್ರಶ್ನೆಕ್ಕ ಬರತೇನಿ. "ಅಲ್ಲವಾ, ಇದ್ದದ್ದ ಕೆಲಸಾ ಸಾಲದ? ಇದನ್ನೂ ನಮ್ಮ ತಲಿ ಮ್ಯಾಲ ಹಾಕ್ಕೋಬೇಕೇನು?" ಪ್ರಶ್ನೆ ಖರೇನ ಅದ. ನಾಳೆಯಿಂದ "ಏ, ನೆಟ್ ನೋಡ" ಅಂತ ಎಲ್ಲಾರೂ ನಮ್ಮನ್ನ ಕೂಗಲಿಕ್ಕೆ ಶುರು ಮಾಡಿದ್ರ ಅದು ಇನ್ನೊಂದು ಚಾಕರಿನ. ನಾ ಹೇಳೋದು ಅದಲ್ಲ. ಮಾಡೋದು ಬ್ಯಾರೆ, ಮಾಡಲಿಕ್ಕೆ ಬರೋದು ಬ್ಯಾರೆ. ಕಂಪ್ಲೇಂಟ್ ಯಜಮಾನರು ಮಾಡ್ಲಿ, ಮಗಾ ಮಾಡ್ಲಿ, ಯಾರಿಗೆ ವ್ಯಾಳ್ಯಾ ಅದ ಅವರು ಮಾಡ್ಲಿ. ಆದ್ರ ಅವರು ಇಲ್ಲದಾಗ ನಮ್ಮ ಕೈ ಕಟ್ಟಿರಬಾರದು. ಬಿಲ್ ತುಂಬೋ ಮನಿಯೊಳಗ ನಾವೂ ಇದ್ದೇವಿ, ಉಪಯೋಗಸೋರಾಗ ನಾವ ಹೆಚ್ಚ ಇದ್ದೇವಿ. ಹತ್ತು ವರ್ಷದ ಹುಡುಗುರಿಗೂ ದೀಪದ ಭಾಷಾ ಕಲಸ್ರಿ, ಹುಡುಗ ಇರಲಿ ಹುಡುಗಿ ಇರಲಿ. ಅಜ್ಜಿಗೂ ಹೇಳ್ರಿ. ಆವಾಗ ಅದು ಒಬ್ಬರ ಚಾಕರಿ ಆಗೂದಿಲ್ಲ.

ಅದಕ್ಕ ಬರೋ ಐತವಾರ ಎಲ್ಲಾರೂ ಮನ್ಯಾಗ ಇದ್ದಾಗ ಮೂರು ಕೆಲಸಾ ಮಾಡ್ರಿ. ಒಂದು, ಕಂಪನಿಗೆ ಹೇಳಿ ನಿಮ್ಮ ಮೊಬೈಲ್ ನಂಬರನ್ನೂ ಆ ಕನೆಕ್ಷನ್ನಿಗೆ ಸೇರಸ್ರಿ. ಎರಡು, ಗ್ರಾಹಕ ನಂಬರ್, ಕಂಪ್ಲೇಂಟ್ ನಂಬರ್, ಬಿಲ್ಲಿನ ತಾರೀಖು ಇವನ್ನ ಒಂದು ಹಾಳಿ ಮ್ಯಾಲ ಬರದು ಅಡಗಿಮನಿ ಕಪಾಟಿನ ಬಾಗಲಾ ಒಳಗ ಅಂಟಸ್ರಿ. ಪಾಸ್‌ವರ್ಡ್ ಅಲ್ಲೆ ಬ್ಯಾಡ, ಬ್ಯಾಂಕಿನ ಪುಸ್ತಕದ ಜೋಡಿ ಇರಲಿ. ಬಂದವರಿಗೆ ಕೊಡಲಿಕ್ಕೆ ಬ್ಯಾರೆ ಗೆಸ್ಟ್ ಹೆಸರು ಮಾಡಿಸ್ರಿ. ಮೂರು, ಎಲ್ಲಾ ಸರಿ ನಡದಾಗ ಪೆಟ್ಟಗಿ ಮುಂದ ನಿಂತು ಅದರ ದೀಪದ ಒಂದು ಫೋಟೋ ತಗದ ಇಟ್ಕೋರಿ. ಛಲೋ ಇದ್ದಾಗ ಹೆಂಗಿತ್ತು ಅಂತ ಗೊತ್ತಿದ್ರ, ಕೆಟ್ಟಾಗ ಏನ ಬದಲಾಗೇದ ಅಂತ ತಾನ ತಿಳೀತದ.

ಮೊದಲನೇ ಕೆಲಸಕ್ಕ "ನಿನಗ್ಯಾಕ ಬೇಕು ಅದು" ಅಂತ ಯಾರರೆ ಅಂದ್ರ, ಗ್ಯಾಸ್ ಬುಕ್ ಮಾಡೋದು, ನಳದವನ್ನ ಹಿಡಿಯೋದು, ಹಾಲಿನ ಲೆಕ್ಕಾ ಇಡೋದು ಒಂದು ವಾರ ನೀವ ನೋಡ್ಕೋರಿ ಅಂತ ಹೇಳ್ರಿ. ಎರಡನೇ ದಿನಕ್ಕ ನಿಮ್ಮ ನಂಬರ್ ಸೇರಿರತದ.