ಮಿಷನ್ ಬಂಗಲೆಯ ಮಕ್ಕಳು

ಧರ್ಮಪ್ರಚಾರಕ್ಕೆಂದು ಪರದೇಶಕ್ಕೆ ಹೊರಡುವ ತೀರ್ಮಾನ ದೊಡ್ಡವರದು. ಆ ತೀರ್ಮಾನದೊಳಗೆ ಹುಟ್ಟಿ ಬೆಳೆಯಬೇಕಾದವರು ಮಕ್ಕಳು. ಮಿಷನರಿ ಕುಟುಂಬದ ಎಳೆಯ ಮಕ್ಕಳು ಎಲ್ಲಿರಬೇಕು, ಯಾರ ನಡುವೆ ಆಡಬೇಕು, ಯಾವ ಮಾತಿನಲ್ಲಿ ಬೆಳೆಯಬೇಕು ಎಂಬ ಪ್ರಶ್ನೆ ಕ್ಯಾಥೊಲಿಕ್ ಪಾದ್ರಿಗಳಿಗೆ ಎದುರಾಗಲಿಲ್ಲ, ಏಕೆಂದರೆ ಅವರು ಬ್ರಹ್ಮಚಾರಿಗಳು. ಹೆಂಡತಿಯೊಡನೆ ಬಂದ ಪ್ರಾಟೆಸ್ಟೆಂಟ್ ಮಿಷನರಿಗಳ ಜೊತೆಗೇ ಅದೂ ಬಂತು. 19ನೆಯ ಶತಮಾನದಲ್ಲಿ ಕನ್ನಡ ನಾಡಿನಲ್ಲಿ ಕೆಲಸ ಮಾಡಿದ ಲಂಡನ್ ಮಿಷನ್, ವೆಸ್ಲಿಯನ್ ಮಿಷನ್, ಬಾಸೆಲ್ ಮಿಷನ್‌ಗಳು ದೇಶ, ಪಂಥ, ರೀತಿನೀತಿಗಳಲ್ಲಿ ಬೇರೆ ಬೇರೆಯಾದರೂ ಈ ವಿಷಯದಲ್ಲಿ ಅವುಗಳ ಉತ್ತರ ಹೆಚ್ಚುಕಡಿಮೆ ಒಂದೇ ಆಗಿತ್ತು: ಐದಾರು, ಹೆಚ್ಚೆಂದರೆ ಏಳೆಂಟು ವರ್ಷ ತಂದೆತಾಯಿಯ ಜೊತೆ, ಆಮೇಲೆ ಹಡಗು ಹತ್ತಿಸಿ ಯೂರೋಪಿಗೆ.

ಈ ಉತ್ತರವನ್ನು ಒರೆಗೆ ಹಚ್ಚಿ ನೋಡಲು ಚಿಕ್ಕಬಳ್ಳಾಪುರದ ಸೀಮೆ ತಕ್ಕ ಜಾಗ. ಲಂಡನ್ ಮಿಷನ್ 1810ರಲ್ಲಿ ಬಳ್ಳಾರಿಯಲ್ಲೂ 1820ರಲ್ಲಿ ಬೆಂಗಳೂರಿನಲ್ಲೂ ನೆಲೆಯೂರಿತು. ಬೆಂಗಳೂರಿನಿಂದ ಉತ್ತರಕ್ಕೆ ಚಾಚಿಕೊಂಡ ಅದರ ಕೆಲಸಕ್ಕೆ ಚಿಕ್ಕಬಳ್ಳಾಪುರ ಒಂದು ಠಾಣ್ಯವಾಯಿತು. ಅಲ್ಲಿ ಮಿಷನ್ ಕಟ್ಟಿದ ಆಸ್ಪತ್ರೆ 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಮೇಲೆ ಸಿಎಸ್‌ಐ ಆಸ್ಪತ್ರೆಯೆಂದು ಹೆಸರಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಯವು. ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಇಲ್ಲಿ ಒಂದು ಬೀದಿಯಲ್ಲಿ ಒಂದೇ ಭಾಷೆ ಇರುವುದು ಅಪರೂಪ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಕಡೆ ಉರ್ದು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದ್ದು ಈ ಸೀಮೆಗೆ ಸೋಜಿಗವೇ ಅಲ್ಲ. ಇಂಥ ಊರಿನಲ್ಲಿ ಕೆಲಸಕ್ಕೆ ನಿಂತ ಮಿಷನರಿಗೆ ಒಂದು ಭಾಷೆ ಸಾಲುತ್ತಿರಲಿಲ್ಲ. ಅವನ ಮಗುವಿಗೆ ಎರಡೂ ಪುಕ್ಕಟೆ ಸಿಗುತ್ತಿದ್ದವು.

ಮಕ್ಕಳನ್ನು ಕಳಿಸಲು ಮೊದಲು ಹೇಳುತ್ತಿದ್ದ ಕಾರಣ ಹವೆ. ಬಿಸಿಲ ನಾಡಿನಲ್ಲಿ ಬಿಳಿಯರ ಮಗು ಐದಾರು ವರ್ಷ ದಾಟಿದರೆ ಸೊರಗುತ್ತದೆ, ಮೈಯೂ ಮನಸ್ಸೂ ಸಡಿಲವಾಗುತ್ತವೆ ಎಂಬುದು ಆ ಕಾಲದ ವೈದ್ಯರು ಒಪ್ಪಿದ ಮಾತು. ಇದನ್ನು ಬರೀ ನೆಪವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಾಂತಿಭೇದಿ, ಸಿಡುಬು, ಚಳಿಜ್ವರ ನಿಜವಾಗಿದ್ದವು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದೇ 1897ರಲ್ಲಿ. ಅಲ್ಲಿಯವರೆಗೆ ಕೆರೆಯಂಗಳದ ಪಕ್ಕದ ಮನೆಯಲ್ಲಿ ಮಗುವನ್ನು ಮಲಗಿಸಿದ ತಾಯಿ ಹೆದರುತ್ತಿದ್ದುದು ಯಾವುದಕ್ಕೆಂದು ಅವಳಿಗೇ ಗೊತ್ತಿರಲಿಲ್ಲ. ಆದರೆ ಈ ಕಾರಣವನ್ನು ಲೆಕ್ಕ ಹಾಕಿ ನೋಡಿದರೆ ಒಂದು ಎಡವಟ್ಟು ಕಾಣುತ್ತದೆ. ಆ ರೋಗಗಳು ಹೆಚ್ಚಾಗಿ ಕೊಲ್ಲುತ್ತಿದ್ದುದು ಐದು ವರ್ಷದೊಳಗಿನ ಹಸುಳೆಗಳನ್ನು. ಅಪಾಯದ ವಯಸ್ಸನ್ನು ಇಲ್ಲಿಯೇ ಕಳೆಯಲು ಬಿಟ್ಟು, ಗಂಡಾಂತರ ದಾಟಿದ ಮೇಲೆ ಕಳಿಸಿಕೊಡುವುದು ಆರೋಗ್ಯದ ಲೆಕ್ಕವಾಗಲಾರದು. ಹವೆಯೊಂದೇ ತೊಡಕಾಗಿದ್ದರೆ ನಂದಿ ಬೆಟ್ಟ ಕಣ್ಣಳತೆಯಲ್ಲೇ ಇತ್ತು. ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆಗೆಂದು ಅದರ ಮೇಲೆ ಮನೆ ಕಟ್ಟಿಸಿಕೊಂಡಿದ್ದರು. ಅದೇ ಮಿಷನ್ನಿನ ದೇಶೀ ಉಪದೇಶಿಯ ಮಕ್ಕಳು ಅದೇ ಗಾಳಿ ಕುಡಿದು, ಅದೇ ಬಾವಿಯ ನೀರು ಸೇದಿ ಬೆಳೆಯುತ್ತಿದ್ದರು. ಅವರ ಮೈಮನಸ್ಸು ಸಡಿಲವಾಗುತ್ತದೆಂದು ಯಾರೂ ಚಿಂತಿಸಿದಂತಿಲ್ಲ.

ಆರು ವರ್ಷಕ್ಕೆ ಮಗುವಿನಲ್ಲಿ ಬದಲಾಗುವುದು ಆರೋಗ್ಯವಲ್ಲ, ಮಾತು. ಆ ವಯಸ್ಸಿಗೆ ಮಗು ಅಡುಗೆಯವನ ಮಕ್ಕಳ ಜೊತೆ ಆಡಿ, ಆಯಾಳ ಕಂಕುಳಲ್ಲಿ ಕತೆ ಕೇಳಿ, ತಾಯಿಗಿಂತ ಚೆನ್ನಾಗಿ ಊರಿನ ಮಾತಾಡತೊಡಗುತ್ತದೆ. ತಂದೆಗೆ ಇದೇ ಕೆಲಸಕ್ಕೆ ಮುನ್ಷಿ ಬೇಕಿತ್ತು. ಹೊಸದಾಗಿ ಬಂದ ಮಿಷನರಿ ಮೊದಲ ಒಂದೆರಡು ವರ್ಷವನ್ನು ಭಾಷೆ ಕಲಿಯುವುದಕ್ಕೆ ಕೊಟ್ಟು ಪರೀಕ್ಷೆ ಪಾಸು ಮಾಡಬೇಕಾಗಿತ್ತು. ಅಷ್ಟು ಮಾಡಿದ ಮೇಲೂ ಲಕಾರ ಳಕಾರ, ತಕಾರ ಟಕಾರಗಳ ನಡುವೆ ನಾಲಿಗೆ ಎಡವುವುದು ತಪ್ಪುತ್ತಿರಲಿಲ್ಲ. ಬೆಳೆದವನ ಕಿವಿ ಆ ವ್ಯತ್ಯಾಸಗಳಿಗೆ ಮುಚ್ಚಿಹೋಗಿರುತ್ತದೆ, ಮಗುವಿನದು ತೆರೆದಿರುತ್ತದೆ. ದೊಡ್ಡವನಿಗೆ ಇಲ್ಲಿಯವನಂತೆ ಮಾತಾಡು, ಇಲ್ಲಿಯವರ ಮನಸ್ಸನ್ನು ಹೊಗು ಎಂದು ಹುಕುಂ ಮಾಡಿದ ಮಿಷನ್ನು, ಅದನ್ನೆಲ್ಲ ವೆರಾಂಡದ ಮೇಲೆ ಸಲೀಸಾಗಿ ಕಲಿತುಬಿಟ್ಟ ಮಗುವನ್ನು ಕಂಡು ಗಾಬರಿಯಾಗಿ ಊರಿಗೆ ಕಳಿಸಿತು. ಇಡೀ ವ್ಯವಸ್ಥೆಯ ಒಳಗಿನ ವಿರೋಧ ಇಲ್ಲಿದೆ. ಅಪ್ಪನಿಗೆ ಅರ್ಹತೆಯಾದದ್ದೇ ಮಗುವಿಗೆ ಅಂಟುರೋಗವಾಯಿತು.

ಹಾಗೆಂದು ವೆರಾಂಡದ ಕನ್ನಡವನ್ನು ತೀರಾ ಮುದ್ದು ಮಾಡಬೇಕಾಗಿಯೂ ಇಲ್ಲ. ಬಂಗಲೆಯ ಮಗು ಕಲಿಯುತ್ತಿದ್ದುದು ಯಾರ ಮಾತು ಎಂದು ಕೇಳಿಕೊಳ್ಳಬೇಕು. ಅದು ಒಡನಾಡುತ್ತಿದ್ದುದು ತನ್ನ ಮನೆಯ ಊಳಿಗದವರೊಡನೆ. ಬಾ, ಹೋಗು, ತಾ, ಎತ್ತಿಕೋ ಎಂಬ ರೂಪಗಳು ಅದರ ಬಾಯಿಗೆ ಮೊದಲು ಬರುತ್ತವೆ. ಅಜ್ಜನ ವಯಸ್ಸಿನ ತೋಟದ ಮಾಲಿಯನ್ನು ಏಕವಚನದಲ್ಲಿ ಕರೆದರೆ ತಿದ್ದುವವರಿಲ್ಲ, ಏಕೆಂದರೆ ಮಾಲಿಗೆ ಅದು ಚಿಕ್ಕ ದೊರೆ, ಅದರ ತಾಯಿ ದೊರೆಸಾನಿ. ಊರಿನ ಮಕ್ಕಳು ಬಹುವಚನವನ್ನು ಬೈಸಿಕೊಂಡು ಕಲಿಯುತ್ತವೆ. ಬಂಗಲೆಯ ಮಗುವಿಗೆ ಆ ಬೈಗುಳವೇ ಸಿಗಲಿಲ್ಲ. ಮಗು ಭಾಷೆಯ ಜೊತೆಗೆ ಯಜಮಾನಿಕೆಯನ್ನೂ ಕಲಿಯುತ್ತದೆ ಎಂದು ಅಂಜಿದ ತಂದೆತಾಯಿಯೂ ಇದ್ದಿರಬಹುದು. ಆ ಅಂಜಿಕೆಗೆ ಆಧಾರವಿತ್ತು. ಆದರೆ ಅದಕ್ಕೆ ಮದ್ದು ಊರಿನ ಶಾಲೆಯ ಮಣೆಯ ಮೇಲೆ ಇತರ ಮಕ್ಕಳ ಸಾಲಿನಲ್ಲಿ ಕೂರಿಸುವುದಾಗಿತ್ತೇ ಹೊರತು ಹಡಗು ಹತ್ತಿಸುವುದಲ್ಲ. ಊರೂರಿಗೆ ಶಾಲೆ ತೆರೆದ ಮಿಷನ್ನು ತನ್ನ ಮಕ್ಕಳಿಗೆ ಆ ಶಾಲೆ ತಕ್ಕದ್ದೆಂದು ಎಣಿಸಲಿಲ್ಲ.

ಕಳಿಸುವ ಏರ್ಪಾಟು ಮಾತ್ರ ಅಚ್ಚುಕಟ್ಟಾಗಿತ್ತು. ಲಂಡನ್ ಬಳಿಯ ವಾಲ್ತಮ್‌ಸ್ಟೋದಲ್ಲಿ 1838ರಲ್ಲಿ ಮಿಷನರಿಗಳ ಹೆಣ್ಣುಮಕ್ಕಳಿಗೂ 1842ರಲ್ಲಿ ಗಂಡುಮಕ್ಕಳಿಗೂ ಶಾಲೆ ತೆರೆಯಿತು. ಎರಡನೆಯದು ಮುಂದೆ ಎಲ್ಟಮ್ ಕಾಲೇಜ್ ಎಂದು ಹೆಸರಾಯಿತು. ಚೀನಾದಲ್ಲಿ ಮಿಷನರಿಗಳ ಮಗನಾಗಿ ಹುಟ್ಟಿದ ಓಟಗಾರ ಎರಿಕ್ ಲಿಡೆಲ್ ಓದಿದ್ದು ಅಲ್ಲಿ. ಬಾಸೆಲ್ ಮಿಷನ್ ಇನ್ನೂ ಬಿಗಿ. ಮಿಷನರಿ ಯಾವಾಗ ಮದುವೆಯಾಗಬೇಕೆಂಬುದಕ್ಕೇ ಕಮಿಟಿಯ ಅಪ್ಪಣೆ ಬೇಕಿದ್ದ ಆ ಸಂಸ್ಥೆ 1853ರಲ್ಲಿ ಬಾಸೆಲ್ ಪಟ್ಟಣದಲ್ಲಿ ಮಕ್ಕಳ ಮನೆ ತೆರೆದು, ಶಾಲೆಯ ವಯಸ್ಸಿನ ಮಕ್ಕಳನ್ನು ಅಲ್ಲಿಗೆ ಕಳಿಸುವುದನ್ನು ನಿಯಮವಾಗಿಸಿತು. ಸೂಯೆಜ್ ಕಾಲುವೆ 1869ರಲ್ಲಿ ತೆರೆಯುವ ಮುಂಚೆ ಆಫ್ರಿಕಾ ಸುತ್ತಿ ಬರುವ ಪಯಣಕ್ಕೆ ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ಮಿಷನರಿಗೆ ಊರಿಗೆ ಹೋಗಲು ರಜೆ ಸಿಗುತ್ತಿದ್ದುದು ಹಲವು ವರ್ಷಗಳಿಗೊಮ್ಮೆ. ಏಳು ವರ್ಷದ ಮಗುವನ್ನು ಕಳಿಸಿಕೊಟ್ಟ ತಾಯಿ ಮತ್ತೆ ನೋಡುವಾಗ ಎದುರಿಗಿರುತ್ತಿದ್ದುದು ಮೀಸೆ ಮೂಡುತ್ತಿದ್ದ ಹುಡುಗ, ಅಥವಾ ಮದುವೆಗೆ ಬಂದ ಹುಡುಗಿ.

ಮಲಯಾಳ ನಿಘಂಟಿನ ಹೆರ್ಮನ್ ಗುಂಡರ್ಟ್ ಅವರ ಮಗಳು ಮರೀ ಇದಕ್ಕೆ ತಕ್ಕ ಉದಾಹರಣೆ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ಯೂರೋಪಿನಲ್ಲಿ ಉಳಿಯಬೇಕಾಯಿತು. ತಂದೆತಾಯಿಯ ಬಳಿಗೆ ಮರಳಿದ್ದು 1857ರಲ್ಲಿ, ಹದಿನೈದರ ವಯಸ್ಸಿಗೆ. ಅದೇ ವರ್ಷ ತಂದೆ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲೆಗಳಿಗೆ ಇನ್ಸ್‌ಪೆಕ್ಟರ್ ಆದರು: ಎರಡು ಜಿಲ್ಲೆಯ ಮಕ್ಕಳ ಓದಿನ ಹೊಣೆ ಹೊತ್ತವರಿಗೆ ಸ್ವಂತ ಮಗಳ ಬಾಲ್ಯ ದಕ್ಕಿರಲಿಲ್ಲ. ಮರೀ ಮೊದಲ ಗಂಡ ತೀರಿಕೊಂಡ ಮೇಲೆ ಕೈಹಿಡಿದದ್ದು ಮಂಗಳೂರಿನಲ್ಲಿ ಕೆಲಸ ಮಾಡಿ ಕಾಯಿಲೆಯಿಂದ ಮರಳಿದ್ದ ಯೋಹಾನೆಸ್ ಹೆಸ್ಸೆಯನ್ನು. ಅವರ ಮಗನೇ ಕಾದಂಬರಿಕಾರ ಹೆರ್ಮನ್ ಹೆಸ್ಸೆ. ಆತನೂ ಬಾಸೆಲ್‌ನಲ್ಲಿ ಎಳೆವಯಸ್ಸಿನ ಸ್ವಲ್ಪ ಕಾಲವನ್ನು ಮಿಷನ್ನಿನ ಹುಡುಗರ ಮನೆಯಲ್ಲಿ ಕಳೆದ. 1911ರಲ್ಲಿ ಪೂರ್ವದೇಶಗಳಿಗೆ ಹೊರಟಾಗ ಸಿಲೋನ್, ಸುಮಾತ್ರಾ ನೋಡಿದ, ತಾಯಿ ಹುಟ್ಟಿದ ಕರಾವಳಿಗೆ ಬರಲೇ ಇಲ್ಲ.

ಇನ್ನೊಂದು ಉದಾಹರಣೆ ನೆರೆಯ ತಮಿಳುನಾಡಿನದು. ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿ ಹೆಸರಾದ ಪಾಲ್ ಬ್ರ್ಯಾಂಡ್ 1914ರಲ್ಲಿ ಕೊಲ್ಲಿಮಲೆಯಲ್ಲಿ ಹುಟ್ಟಿ ಒಂಬತ್ತನೆಯ ವಯಸ್ಸಿಗೆ ಇಂಗ್ಲೆಂಡಿಗೆ ಹೋದರು. 1929ರಲ್ಲಿ ತಂದೆ ಜ್ವರದಿಂದ ಬೆಟ್ಟದ ಮೇಲೆಯೇ ತೀರಿಕೊಂಡರು. ಮಗ ಅವರನ್ನು ಮತ್ತೆ ಕಾಣಲಿಲ್ಲ. ವೈದ್ಯರಾಗಿ ವೆಲ್ಲೂರಿಗೆ ಬಂದದ್ದು 1946ರಲ್ಲಿ. ಹೀಗೆ ಮರಳಿದವರ ಕತೆಗಳನ್ನೇ ಹೇಳಿ ಕಳಿಸುವ ಪದ್ಧತಿಯನ್ನು ಸಮರ್ಥಿಸುವುದುಂಟು. ಈ ವಾದಕ್ಕೆ ತೂಕ ಕಡಿಮೆ. ಮರಳಿ ಬಂದು ಹೆಸರು ಮಾಡಿದವರು ಪುಸ್ತಕದಲ್ಲಿ ಸಿಗುತ್ತಾರೆ, ಮರಳದೆ ಮೌನವಾದವರು ಸಿಗುವುದಿಲ್ಲ.

ಮರಳಿದವರಲ್ಲಿ ಚಿಕ್ಕಬಳ್ಳಾಪುರದ ಸೀಮೆಗೆ ಹೆಚ್ಚು ಸಲ್ಲುವವರು ಬಿ. ಎಲ್. ರೈಸ್. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯಸ್ಥರಾಗಿ ಬಂದರು. ಪಾದ್ರಿಯಾಗಿ ಅಲ್ಲ, ಸರ್ಕಾರಿ ನೌಕರರಾಗಿ. ಅವರು ಸಂಪಾದಿಸಿದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟ 1905ರಲ್ಲಿ ಹೊರಟಿತು. ಅದು ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ವೀರಗಲ್ಲು, ದಾನಶಾಸನಗಳು ಅಚ್ಚಿಗೆ ಬಂದದ್ದು ಅದರಲ್ಲಿ. ಅವರ ತಮ್ಮ ಎಡ್ವರ್ಡ್ ಪಿ. ರೈಸ್ ತಂದೆಯ ಹಾದಿ ಹಿಡಿದು ಲಂಡನ್ ಮಿಷನ್ನಿನ ಮಿಷನರಿಯಾದರು, 1915ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. ಒಂದೇ ಮನೆಯ ಇಬ್ಬರು ಮಕ್ಕಳು ಕನ್ನಡಕ್ಕೆ ಇಷ್ಟು ಮಾಡಿದ್ದರಲ್ಲಿ ಬಾಲ್ಯದ ಕಿವಿಯ ಪಾಲೆಷ್ಟು, ದೊಡ್ಡವರಾದ ಮೇಲಿನ ದುಡಿಮೆಯ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಆದರೆ ಮಿಷನ್ನು ಗಾಬರಿಪಟ್ಟ ಆ ನಂಟೇ ಇವರನ್ನು ಕೆಡಿಸಲಿಲ್ಲವೆಂಬುದಂತೂ ಸ್ಪಷ್ಟ.

ಇನ್ನೊಂದು ವಿಪರ್ಯಾಸವಿದೆ. ಹೊಸದಾಗಿ ಕ್ರೈಸ್ತರಾದವರಿಗೆ ಮಾದರಿ ಸಂಸಾರ ಹೇಗಿರಬೇಕೆಂದು ತೋರಿಸುವುದೂ ಮಿಷನರಿ ದಂಪತಿಯ ಕರ್ತವ್ಯವೆಂದು ಎಣಿಸಲಾಗಿತ್ತು. ಗಂಡಹೆಂಡತಿ ಒಂದೇ ಮೇಜಿನಲ್ಲಿ ಉಣ್ಣುವುದು, ಮಕ್ಕಳನ್ನು ಶಿಸ್ತಿನಲ್ಲಿ ಬೆಳೆಸುವುದು, ಸಂಜೆಯ ಪ್ರಾರ್ಥನೆ ಎಲ್ಲವೂ ಊರಿನವರು ನೋಡಿ ಕಲಿಯಬೇಕಾದ ಪಾಠಗಳು. ಊರಿನವರು ನೋಡಿದ್ದೇನು? ಆರು ವರ್ಷದ ಮಗುವನ್ನು ಸಮುದ್ರದಾಚೆ ಕಳಿಸಿ, ಬೇರೆಯವರ ಅನಾಥ ಮಕ್ಕಳಿಗೆ ಬೋರ್ಡಿಂಗ್ ನಡೆಸುತ್ತ ಕೂತ ತಾಯಿಯನ್ನು. ಅಜ್ಜಿ, ಸೋದರತ್ತೆ, ದೊಡ್ಡಪ್ಪ ಎಲ್ಲರೂ ಕೂಡಿ ಮಗು ಬೆಳೆಸುವ ಸೀಮೆಯಲ್ಲಿ ಇದನ್ನು ತ್ಯಾಗವೆಂದು ಕಂಡವರಿಗಿಂತ ಕಲ್ಲೆದೆಯೆಂದು ಕಂಡವರೇ ಹೆಚ್ಚಿರಬೇಕು. ಆ ತಾಯಿಯ ಸಂಕಟ ಅವರಿಗೆ ಕಾಣದಂತೆ ಮುಚ್ಚಿಡುವುದೂ ಶಿಸ್ತಿನ ಭಾಗವಾಗಿತ್ತು.

ಇಪ್ಪತ್ತನೆಯ ಶತಮಾನದ ಹೊತ್ತಿಗೆ ದೂರ ಕುಗ್ಗಿತು. 1899ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಹೆಬ್ರಾನ್ ಶಾಲೆ, 1901ರಲ್ಲಿ ಕೊಡೈಕೆನಾಲ್ ಶಾಲೆ ತೆರೆದವು. ಮಕ್ಕಳು ವರ್ಷಕ್ಕೆ ಕೆಲವು ತಿಂಗಳಾದರೂ ಮನೆಗೆ ಬರುವಂತಾಯಿತು. 1910ರ ದಶಕದಲ್ಲಿ ಚಿಕ್ಕಬಳ್ಳಾಪುರಕ್ಕೂ ಬೆಂಗಳೂರಿನಿಂದ ಸಣ್ಣ ರೈಲು ಬಂತು. ಆದರೆ ಬೆಟ್ಟದ ಶಾಲೆಯಲ್ಲೂ ಪಾಠ ಇಂಗ್ಲಿಷಿನದು, ಗೆಳೆಯರು ಬಿಳಿಯರು. ಭಾರತದಲ್ಲಿದ್ದೇ ಭಾರತದಿಂದ ಬೇರೆಯಾಗಿ ಬೆಳೆಯುವ ಹೊಸ ಬಗೆ ಹುಟ್ಟಿತು. 1950ರ ದಶಕದಲ್ಲಿ ಭಾರತಕ್ಕೆ ಬಂದು ಅಮೆರಿಕನ್ ಕುಟುಂಬಗಳನ್ನು ಗಮನಿಸಿದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯೂಸೀಮ್ ಇಂಥವರಿಗೆ ‘ಮೂರನೆಯ ಸಂಸ್ಕೃತಿಯ ಮಕ್ಕಳು’ ಎಂದು ಹೆಸರಿಟ್ಟರು. ತಂದೆತಾಯಿಯ ನಾಡೂ ಪೂರ್ತಿ ತಮ್ಮದಲ್ಲ, ಬೆಳೆದ ನಾಡೂ ಅಲ್ಲ. ತಮ್ಮಂತೆ ಬೆಳೆದ ಇತರರ ನಡುವೆ ಮಾತ್ರ ಅವರಿಗೆ ನೆಮ್ಮದಿ.

ಮಗುವನ್ನು ಜೊತೆಗಿಟ್ಟುಕೊಳ್ಳುವುದೂ ಸದಾ ಸುರಕ್ಷಿತವಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಜೊತೆ ಜೀಪಿನಲ್ಲಿ ಮಲಗಿದ್ದ ಅವರ ಹತ್ತು ಮತ್ತು ಆರು ವರ್ಷದ ಗಂಡುಮಕ್ಕಳನ್ನೂ ಸುಟ್ಟು ಕೊಲ್ಲಲಾಯಿತು. ಮತಾಂತರದ ಬಗ್ಗೆ ಯಾರ ನಿಲುವು ಏನೇ ಇರಲಿ, ಆ ಮಕ್ಕಳು ಯಾರನ್ನೂ ಮತಾಂತರಿಸಲು ಹೊರಟವರಲ್ಲ. ದೇವರ ಕರೆ ಬಂತೆನ್ನುವುದು ತಂದೆತಾಯಿಯ ಅನುಭವ, ಮಗುವಿಗೆ ಅದನ್ನು ಒಪ್ಪುವ ಬಿಡುವ ಅವಕಾಶವಿಲ್ಲ. ಹಾಗೆ ನೋಡಿದರೆ ರೈತನ, ಸೈನಿಕನ, ಕಂಪ್ಯೂಟರ್ ಎಂಜಿನಿಯರನ ಮಗುವಿಗೂ ಅಂಥ ಅವಕಾಶವಿಲ್ಲ. ವ್ಯತ್ಯಾಸ ಇಷ್ಟು: ಉಳಿದವರು ಮಗುವಿನ ನಷ್ಟವನ್ನು ನಷ್ಟವೆಂದು ಹೇಳಿಕೊಳ್ಳಬಲ್ಲರು, ಮಿಷನರಿ ಮನೆಯಲ್ಲಿ ಅದಕ್ಕೆ ಕಾಣಿಕೆಯೆಂಬ ಹೆಸರು ಬಿದ್ದುಬಿಡುತ್ತದೆ. ಕಾಣಿಕೆಯೆಂದ ಮೇಲೆ ಮಗು ದೂರು ಹೇಳುವುದಾದರೂ ಯಾರಲ್ಲಿ?

ಸ್ವಾತಂತ್ರ್ಯದ ನಂತರ ವಿದೇಶಿ ಮಿಷನರಿಗಳಿಗೆ ವೀಸಾ ಬಿಗಿಯಾಗುತ್ತ ಬಂದು ಚಿಕ್ಕಬಳ್ಳಾಪುರದಂಥ ಠಾಣ್ಯಗಳು ದೇಶೀಯರ ಕೈಗೆ ಬಂದವು. ಈಗ ಪರನಾಡಿಗೆ ಹೋಗುವವರು ದಕ್ಷಿಣ ಭಾರತದ ಕ್ರೈಸ್ತ ಕುಟುಂಬಗಳೇ. 1903ರಲ್ಲಿ ತಿರುನೆಲ್ವೇಲಿಯಲ್ಲಿ ಹುಟ್ಟಿದ ಇಂಡಿಯನ್ ಮಿಷನರಿ ಸೊಸೈಟಿ, 1905ರ ನ್ಯಾಷನಲ್ ಮಿಷನರಿ ಸೊಸೈಟಿ ಈ ಬಗೆಯ ಹಳೆಯ ಸಂಸ್ಥೆಗಳು. ದಕ್ಷಿಣದಿಂದ ಉತ್ತರದ ಆದಿವಾಸಿ ಹಳ್ಳಿಗೆ ಹೋದ ದಂಪತಿಗೆ ಪಾಸ್‌ಪೋರ್ಟು ಬೇಕಿಲ್ಲ, ಆದರೆ ಭಾಷೆ, ಊಟ, ಹವೆ ಎಲ್ಲವೂ ಹೊಸತು. ಅವರ ಮಗು ಸಂತಾಲಿಯನ್ನೋ ಗೊಂಡಿಯನ್ನೋ ಅಂಗಳದಲ್ಲಿ ಕಲಿಯುತ್ತದೆ, ಮನೆಯಲ್ಲಿ ಕನ್ನಡವೋ ತಮಿಳೋ. ಶಾಲೆಯ ವಯಸ್ಸು ಬಂದಾಗ ಊರಲ್ಲಿ ತಕ್ಕ ಶಾಲೆ ಇಲ್ಲವೆಂದು ದೂರದ ಇಂಗ್ಲಿಷ್ ಮಾಧ್ಯಮದ ಹಾಸ್ಟೆಲಿಗೆ ಸೇರಿಸುತ್ತಾರೆ. ಈಗ ಹವೆಯ ನೆಪವಿಲ್ಲ, ಓದಿನ ಕಾರಣವಿದೆ, ಮತ್ತು ಅದು ನಿಜವಾದ ಕಾರಣವೇ. ಆದರೂ ಮಗು ಹೊರಡುವ ವಯಸ್ಸು ಅದೇ ಆರು, ಮೊದಲು ಮರೆಯುವುದು ಅದೇ ಅಂಗಳದ ಭಾಷೆ. ರಜೆಗೆ ಬಂದ ಮಗುವಿಗೂ ಅದರ ಹಳೆಯ ಆಟದ ಜೊತೆಗಾರರಿಗೂ ನಡುವೆ ನಿಂತು, ಕಷ್ಟಪಟ್ಟು ಪರೀಕ್ಷೆ ಕೊಟ್ಟು ಕಲಿತ ಭಾಷೆಯಲ್ಲಿ, ತಂದೆ ದುಭಾಷಿಯಾಗಬೇಕಾಗುತ್ತದೆ.