ಸಪ್ತಾಪುರದ ಎಂಟನೆಯ ವ್ಯಸನ

ಸಪ್ತವ್ಯಸನಗಳ ತ್ಯಾಗವು ಶ್ರಾವಕಧರ್ಮದ ಮೊದಲ ಮೆಟ್ಟಿಲೆಂಬುದನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಜೂಜು, ಮಾಂಸ, ಮದ್ಯ ಮೊದಲಾದ ಏಳರಿಂದ ದೂರವಿರುವ ಗೃಹಸ್ಥನು ತನ್ನನ್ನು ಸದಾಚಾರಿಯೆಂದು ಭಾವಿಸುವುದು ಸಹಜವೇ. ಆದರೆ ಧಾರವಾಡದ ಸಪ್ತಾಪುರದಲ್ಲಿ ಬಹುಕಾಲ ಬಾಳಿದ ನಾನು, ಆ ಏಳರ ಪಟ್ಟಿಯಲ್ಲಿ ಸೇರದ ಎಂಟನೆಯ ವ್ಯಸನವೊಂದು ನಮ್ಮ ಮನೆಗಳೊಳಗೇ ಬೆಳೆದಿದೆಯೆಂದು ಹೇಳದೆ ಇರಲಾರೆ. ಅದು ಬಾಡಿಗೆಯ ವ್ಯಸನ.

1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯ, ಇವೆರಡರ ನೆರೆಯಲ್ಲಿರುವ ಈ ಬಡಾವಣೆಗೆ ವಿದ್ಯೆಯೇ ಉಸಿರು. ಇಂದು ಸಪ್ತಾಪುರ ಬಾವಿಯಿಂದ ಜಯನಗರ, ಶ್ರೀನಗರಗಳತ್ತ ನಡೆದರೆ ಕಾಣುವುದು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು, ವಾಚನಾಲಯಗಳು, ಖಾನಾವಳಿಗಳು, ಝೆರಾಕ್ಸ್ ಅಂಗಡಿಗಳು. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರುಗಳ ಹಳ್ಳಿಗಳಿಂದ ತರುಣ ತರುಣಿಯರು ಕಟಕ ರೊಟ್ಟಿಯ ಗಂಟು ಹೊತ್ತು ಇಲ್ಲಿಗೆ ಬರುತ್ತಾರೆ. ಅವರ ಆಗಮನ ನಮ್ಮ ಊರಿನ ಭಾಗ್ಯ. ಅವರನ್ನು ನಾವು ಇರಿಸಿಕೊಂಡಿರುವ ಬಗೆಯೇ ನಮ್ಮ ಲಜ್ಜೆ. ವಾಹನ ನಿಲ್ಲಿಸುವ ಜಾಗ ಖೋಲಿಯಾಗಿದೆ. ಮಾಳಿಗೆಯ ಮೇಲೆ ತಗಡು ಹೊದಿಸಿದ್ದೂ ಖೋಲಿಯಾಗಿದೆ. ಇಬ್ಬರಿಗೆ ಸಾಲದೆಡೆ ನಾಲ್ವರು ಮಲಗುತ್ತಾರೆ.

ಈ ತರುಣರ ಕಾಯುವಿಕೆ ಎಷ್ಟು ದೀರ್ಘವೆಂಬುದನ್ನು ಬಲ್ಲಿರಾ? ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳು 545. ಅವುಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯೂ ಕನ್ನಡ ಅನುವಾದದ ದೋಷಗಳಿಂದಾಗಿ 2024ರ ಆಗಸ್ಟಿನ ಬಳಿಕ ಡಿಸೆಂಬರಿನಲ್ಲಿ ಪುನಃ ನಡೆಯಿತು. ತಪ್ಪು ಮಾಡಿದವರು ಅನ್ಯರು. ತಿಂಗಳು ತಿಂಗಳು ದಂಡ ತೆತ್ತವರು ಹಳ್ಳಿಯ ರೈತರು. ಆ ದಂಡವು ಬಾಡಿಗೆಯ ರೂಪದಲ್ಲಿ ಬಂದು ಸೇರಿದ್ದು ನಮ್ಮ ಕೈಗೆ.

"ಅವರೇ ಹುಡುಕಿಕೊಂಡು ಬರುತ್ತಾರೆ, ನಾವು ಕರೆದಿಲ್ಲ, ಬಾಡಿಗೆಯೇ ನಮ್ಮ ಮುಪ್ಪಿನ ಆಧಾರ" ಎಂದು ಕೆಲವರು ಹೇಳುವುದುಂಟು. ನ್ಯಾಯವಾದ ಬಾಡಿಗೆ ಪಾಪವೆಂದು ನಾನು ಹೇಳುತ್ತಿಲ್ಲ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದು ನೋಡಿರಿ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಮೇಲೆ ಮಿತಿಮೀರಿ ಹೊರೆ ಹೇರುವುದು ಹಿಂಸೆಯಾದರೆ, ಒಂದು ಖೋಲಿಯ ಮೇಲೆ, ಒಂದು ಶೌಚಾಲಯದ ಮೇಲೆ ಮಿತಿಮೀರಿ ಜೀವಗಳನ್ನು ಹೇರುವುದು ಏನು? ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಎಣಿಸುವಾಗಲೂ ಆಚಾರ್ಯರು ಮೊದಲು ಹೇಳಿದ್ದು ಹೊಲ ಮನೆಗಳನ್ನೇ. ಬೆಳ್ಳಿ ಬಂಗಾರದ ಮಾತು ಬರುವುದು ಆ ಮೇಲೆ. ಬಾಡಿಗೆಗೆ ಬಂದ ಹುಡುಗನನ್ನು ನಾವು ಮೊದಲು ಕೇಳುವುದು "ಯಾವ ಪೈಕಿ?" ಎಂದು, ಎರಡನೆಯದು "ತತ್ತಿ ತಿನ್ನುತ್ತೀರೇನು?" ಎಂದು. ಆತನ ಪಾತ್ರೆಯೊಳಗೆ ಇಣುಕುವ ನಾವು, ಆತನ ಖೋಲಿಗೆ ಕಿಟಕಿಯಿದೆಯೇ ಎಂದು ನೋಡಿದ್ದೇವೆಯೇ?

ಇದನ್ನು ಬರೆಯುವವನೂ ನಿರ್ದೋಷಿಯಲ್ಲ. ನನ್ನ ಮಾಳಿಗೆಯ ಮೇಲೂ ತಗಡಿನ ಖೋಲಿಯಿತ್ತು. ಒಂದು ಏಪ್ರಿಲಿನ ಇಳಿಹೊತ್ತು, ಅಲ್ಲಿದ್ದ ಹುಡುಗ ಮೆಟ್ಟಿಲ ಮೇಲೆ ದೀಪ ಹಚ್ಚಿಕೊಂಡು ಓದುತ್ತಿದ್ದುದನ್ನು ಕಂಡು ವಿದ್ಯುತ್ ಬಿಲ್ಲಿನ ಮಾತೆತ್ತಿ ಗದರಿದೆ. "ಕಾಕಾರ, ಒಳಗ ತಗಡು ಕಾದೈತ್ರಿ, ಕೂಡ್ರಾಕ ಆಗವಲ್ದು" ಎಂದಷ್ಟೇ ನುಡಿದು ಆತ ಪುಸ್ತಕ ಮುಚ್ಚಿದ. ನೀರು ಸೋಸಿ ಕುಡಿಯುವ, ಇರುವೆಗೆ ದಾರಿ ಬಿಡುವ ನನ್ನ ಅಹಿಂಸೆ ಆ ಮೆಟ್ಟಿಲಿನವರೆಗೂ ತಲುಪಿರಲಿಲ್ಲ.

ಬಸದಿಗಳ ಟ್ರಸ್ಟಿನವರಿಗೂ ಒಂದು ಮಾತು. ಕುಂಭೋಜದ ಜೈನ ಮನೆತನದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವ ವಸತಿಗೃಹವನ್ನು ತೆರೆದರು. ನಮ್ಮ ಧಾರವಾಡದಲ್ಲೇ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯವನ್ನು ನಡೆಸಿದರು. ಇವರ ಮುಂದೆ ನಮ್ಮ ಸಭಾಭವನಗಳು ಮದುವೆಯ ಲಗ್ನಗಳಿಗಾಗಿ ಕಾಯುತ್ತ, ಉಳಿದ ದಿನ ಬೀಗ ಹಾಕಿಕೊಂಡಿರುವುದು ಶೋಭೆಯೇ? ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳನ್ನು ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು, ಒಂದು ಭವನವನ್ನು ಹಗಲು ವಾಚನಾಲಯವಾಗಿ ತೆರೆದಿಟ್ಟು, ಸೂರ್ಯಾಸ್ತಕ್ಕೆ ಮುನ್ನ ಒಂದು ಊಟ ನೀಡಿದರೆ ನಾಲ್ಕರಲ್ಲಿ ಎರಡು ಅಲ್ಲಿಯೇ ಸಲ್ಲುತ್ತವೆ. ಬರುವವನು ಜೈನನೇ ಆಗಬೇಕೆಂಬ ಷರತ್ತು ಮಾತ್ರ ಬೇಡ.

ಮನೆಯ ಒಡೆಯರಲ್ಲಿ ನನ್ನ ವಿನಂತಿ ಇಷ್ಟೇ: ಖೋಲಿಗೊಂದು ಮಿತಿ, ಗೋಡೆಗೊಂದು ಕಿಟಕಿ, ಬಿಟ್ಟುಹೋಗುವ ದಿನ ತಕರಾರಿಲ್ಲದೆ ಠೇವಣಿ ವಾಪಸು. ಪರೀಕ್ಷೆ ಮುಂದೂಡಲ್ಪಟ್ಟ ವರ್ಷ ಬಾಡಿಗೆಯ ಏರಿಕೆ ಬೇಡ. ನಾನು ತಗಡನ್ನು ತೆಗೆಸಿದ್ದೇನೆ. ತಡವಾಗಿ ತೆಗೆಸಿದೆನೆಂಬ ಅಳುಕು ಉಳಿದಿದೆ.

ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗಕ್ಕೆ ಮೀಸಲು. ಈ ಬಾರಿ ಅಂದು ಪೂಜೆ ಮುಗಿಸಿ ಬಂದ ಮೇಲೆ, ಧರ್ಮಬಂಧುಗಳು ತಮ್ಮ ಮಾಳಿಗೆಯ ಮೆಟ್ಟಿಲು ಹತ್ತಿ ಆ ಖೋಲಿಯಲ್ಲಿ ಒಂದು ಗಳಿಗೆ ಕುಳಿತು ನೋಡಲಿ. ಎಂಟನೆಯ ವ್ಯಸನದ ತ್ಯಾಗ ಅಲ್ಲಿಂದಲೇ ಆರಂಭವಾಗಲಿ.